ಕಾವಲಿನ ವೆಚ್ಚ ಕೊಟ್ಟವರು ಯಾರು?

ರಾಜ್ಯದ ಕಾವಲು ಪ್ರಜೆಗಳೆಲ್ಲರಿಗೂ ಸಮಾನವೆಂಬುದು ನಾವೆಲ್ಲರೂ ಒಪ್ಪುವ ಮಾತು. ಆದರೆ ಆ ಕಾವಲಿನ ವೆಚ್ಚವನ್ನು ಧನಿಕರೇ ಹೊತ್ತರೆ ಬಡವರ ಹಕ್ಕುಗಳ ಗತಿ ಏನಾದೀತು? ಲಂಡನ್ ನಗರದ ಥೇಮ್ಸ್ ನದಿಯ ಪೋಲೀಸು ದಳದ ಚರಿತ್ರೆಯಲ್ಲಿ ಇದಕ್ಕೆ ಉತ್ತರವುಂಟು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ, ವೆಸ್ಟ್ ಇಂಡೀಸ್ ದ್ವೀಪಗಳಿಂದ ಸಕ್ಕರೆಯನ್ನು ತರುತ್ತಿದ್ದ ಹಡಗುಗಳು ಆ ನದಿಯಲ್ಲಿ ಕಿಕ್ಕಿರಿದು ನಿಲ್ಲುತ್ತಿದ್ದುವು. ಆ ಸಕ್ಕರೆ ಗುಲಾಮರ ಬೆವರಿನ ಫಲ; ಅದರ ಲಾಭ ಶ್ರೀಮಂತ ವರ್ತಕರದು. ಸರಕನ್ನು ಇಳಿಸುವ ಕೂಲಿಗಾರರಾದರೋ, ಚೆಲ್ಲಿದ ಸಕ್ಕರೆಯನ್ನು ಗುಡಿಸಿಕೊಳ್ಳುವುದನ್ನೂ ಒಂದಿಷ್ಟು ಕಲ್ಲಿದ್ದಲನ್ನು ಮನೆಗೊಯ್ಯುವುದನ್ನೂ ಹಿಂದಿನಿಂದ ನಡೆದುಬಂದ ರೂಢಿಯೆಂದು ತಿಳಿದಿದ್ದರು. ನಮ್ಮ ಹಳ್ಳಿಗಳ ಕಣದಲ್ಲಿ ಆಯಗಾರರು ರಾಶಿಯಿಂದ ಪಾಲು ಪಡೆಯುತ್ತಿದ್ದಂತೆ, ಅದು ಅವರ ಮಟ್ಟಿಗೆ ಕೂಲಿಯ ಒಂದು ಭಾಗವೇ ಆಗಿದ್ದಿತು.

ಇದರ ಜೊತೆಗೆ ದೊಡ್ಡ ಪ್ರಮಾಣದ ಕಳವೂ ನಡೆಯುತ್ತಿದ್ದುದು ನಿಜ. ಆದರೆ ಮ್ಯಾಜಿಸ್ಟ್ರೇಟರಾದ ಪ್ಯಾಟ್ರಿಕ್ ಕೊಹೂನರು ರೂಢಿಯನ್ನೂ ಕಳವನ್ನೂ ಒಂದೇ ತಕ್ಕಡಿಯಲ್ಲಿಟ್ಟರು. ನದಿಯಲ್ಲಿ ದುಡಿಯುವ ಸುಮಾರು 33,000 ಮಂದಿಯಲ್ಲಿ 11,000 ಮಂದಿ ಅಪರಾಧಿಗಳೆಂದು ಅವರು ಎಣಿಕೆಮಾಡಿದರು. 1798ನೆಯ ಜುಲೈ ತಿಂಗಳಲ್ಲಿ ವಾಪಿಂಗ್ ಎಂಬಲ್ಲಿ ನದಿಯ ಪೋಲೀಸು ಕಚೇರಿ ತೆರೆಯಿತು. ಅದರ ವೆಚ್ಚದ ಬಹುಪಾಲನ್ನು ಕೊಟ್ಟವರು ವೆಸ್ಟ್ ಇಂಡೀಸಿನ ವರ್ತಕರೇ. ಕೂಲಿಗಾರರನ್ನು ನೇಮಿಸುವುದು, ಹಡಗಿನಿಂದ ಇಳಿಯುವಾಗ ಅವರ ಮೈಯನ್ನು ಶೋಧಿಸುವುದು, ಎರಡೂ ಆ ಕಚೇರಿಯ ಕೆಲಸಗಳಾದುವು. ಹೀಗೆ ಕೆಲಸ ಕೊಡುವವನ ಕೈಯೂ ಬಂಧಿಸುವವನ ಕೈಯೂ ಒಂದಾದುವು.

ಅದೇ ವರ್ಷದ ಅಕ್ಟೋಬರಿನಲ್ಲಿ, ಕಲ್ಲಿದ್ದಲು ಕದ್ದರೆಂದು ಕೆಲವರಿಗೆ ದಂಡ ವಿಧಿಸಿದಾಗ ಜನರು ರೊಚ್ಚಿಗೆದ್ದು ಕಚೇರಿಯನ್ನು ಮುತ್ತಿದರು. ಆ ಗಲಭೆಯಲ್ಲಿ ಎರಡು ಕಡೆಯೂ ಪ್ರಾಣಹಾನಿಯಾಯಿತು.

1800ರಲ್ಲಿ ಪಾರ್ಲಿಮೆಂಟು ಈ ದಳವನ್ನು ಸರ್ಕಾರದ ವಶಕ್ಕೆ ತಂದಿತು. ವರ್ತಕರ ಸಂಬಳವು ತಪ್ಪಿದ್ದು ಒಳ್ಳೆಯದೇ. ಆದರೆ ರೂಢಿಯ ಪಾಲು ಕಳವಾಗಿಯೇ ಉಳಿಯಿತು. ಅದಕ್ಕೆ ಪ್ರತಿಯಾಗಿ ಹೆಚ್ಚಿನ ಕೂಲಿಯನ್ನಾದರೂ ಕೇಳೋಣವೆಂದರೆ, ಕೆಲಸಗಾರರು ಕೂಲಿಗಾಗಿ ಒಟ್ಟುಗೂಡುವುದೇ ಅಪರಾಧವೆಂದು ಅದೇ ಪಾರ್ಲಿಮೆಂಟು 1799 ಮತ್ತು 1800ರಲ್ಲಿ ಶಾಸನಗಳನ್ನು ಮಾಡಿತ್ತು. ಆ ಶಾಸನಗಳು ರದ್ದಾದುದು 1824ರಲ್ಲಿ.

ಇದರಿಂದ ನಾವು ತಿಳಿಯಬೇಕಾದುದಿಷ್ಟು: ಪೋಲೀಸಿನ ಸಂಬಳವು ಸಾರ್ವಜನಿಕ ಬೊಕ್ಕಸದಿಂದ ಸಂದರೆ ಸಾಲದು, ಯಾವುದು ಅಪರಾಧವೆಂದು ನಿರ್ಣಯಿಸುವ ಸಭೆಯಲ್ಲಿ ಬಡವನ ಮಾತೂ ಸಲ್ಲಬೇಕು. ಹಾಗಾದಲ್ಲದೆ ಕಾವಲು ಎಲ್ಲರದಾಗಲಾರದು.