ಎ, ಬಿ ಹೋದವು, ಸಿ ಉಳಿಯಿತು

ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದರೆ ಆ ಕಪ್ಪು ಕಿಟಕಿಯಲ್ಲಿ ‘ಸಿ’ ಎಂಬ ಅಕ್ಷರವೂ ಹಿಂದಕ್ಕೆ ವಾಲಿದ ಒಂದು ಗೆರೆಯೂ (\) ಕಾಣುತ್ತವೆ. ಹಾಗಾದರೆ ಎ, ಬಿ ಎಲ್ಲಿ? ಗೆರೆ ವೆಬ್ ವಿಳಾಸದಲ್ಲಿರುವಂತೆ ಮುಂದಕ್ಕೇಕೆ ವಾಲಿಲ್ಲ? ಇವೆರಡಕ್ಕೂ ಉತ್ತರ 1974ರಿಂದ 1983ರವರೆಗಿನ ಒಂಬತ್ತು ವರ್ಷಗಳಲ್ಲಿದೆ.

1974ರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಸಣ್ಣ ಕಂಪ್ಯೂಟರುಗಳಿಗಾಗಿ ಸಿಪಿ/ಎಂ ಎಂಬ ಆಪರೇಟಿಂಗ್ ಸಿಸ್ಟಮ್ ಬರೆದರು. ಫ್ಲಾಪಿ ಡ್ರೈವುಗಳಿಗೆ ಎ, ಬಿ ಎಂಬ ಹೆಸರು, ಫೈಲಿನ ಹೆಸರಿಗೆ ಎಂಟು ಅಕ್ಷರ, ಚುಕ್ಕೆಯ ನಂತರ ಮೂರು ಎಂಬ ಕಟ್ಟಳೆ, ಇವೆಲ್ಲ ಅದರಲ್ಲೇ ಇದ್ದವು. ಇಂಟೆಲ್‌ನ ಹೊಸ 8086 ಚಿಪ್ ಬಂದಾಗ ಅದಕ್ಕೆ ಹೊಂದುವ ಸಿಪಿ/ಎಂ ತಡವಾಯಿತು. ಕಾದು ಸಾಕಾದ ಸಿಯಾಟಲ್ಲಿನ ಟಿಮ್ ಪ್ಯಾಟರ್‌ಸನ್, 1980ರಲ್ಲಿ ಅದೇ ಮಾದರಿಯಲ್ಲಿ ತಾವೇ ಒಂದನ್ನು ಬರೆದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥವೇ ‘ಅವಸರಕ್ಕೆ ಹೇಗೋ ಮಾಡಿದ್ದು’ ಎಂದು. 1981ರ ಜುಲೈನಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಆಗಸ್ಟ್ 12ರಂದು ಬಂದ ಐಬಿಎಂ ಪಿಸಿಯಲ್ಲಿ ಅದೇ ಡಾಸ್ ಆಗಿ ಕುಳಿತಿತ್ತು.

ಆ ಪಿಸಿಗೆ ಹಾರ್ಡ್ ಡಿಸ್ಕ್ ಇರಲಿಲ್ಲ, ಇದ್ದದ್ದು ಫ್ಲಾಪಿಗಳು. 1983ರ ಮಾರ್ಚ್‌ನಲ್ಲಿ 10 ಮೆಗಾಬೈಟ್ ಹಾರ್ಡ್ ಡಿಸ್ಕಿನೊಂದಿಗೆ ಎಕ್ಸ್‌ಟಿ ಬಂದಾಗ ಅದಕ್ಕೆ ಮುಂದಿನ ಅಕ್ಷರ ಸಿ ದಕ್ಕಿತು. ಅಷ್ಟು ದೊಡ್ಡ ಡಿಸ್ಕಿನಲ್ಲಿ ಫೈಲುಗಳನ್ನು ವಿಂಗಡಿಸಿಡಲು ಡಾಸ್ 2.0 ಡೈರೆಕ್ಟರಿಗಳನ್ನು ತಂದಿತು. ಯುನಿಕ್ಸ್‌ನಲ್ಲಿದ್ದಂತೆ ಮುಂದಕ್ಕೆ ವಾಲಿದ ಗೆರೆಯನ್ನೇ (/) ಬಳಸಬಹುದಿತ್ತು. ಆದರೆ ಡಾಸ್‌ನಲ್ಲಿ ಆ ಗೆರೆ ಆಗಲೇ ಕಮಾಂಡುಗಳ ಆಯ್ಕೆಗಳನ್ನು ಸೂಚಿಸಲು ಮೀಸಲಾಗಿತ್ತು. ಹಳೆಯ ಅಭ್ಯಾಸ ಕೆಡದಿರಲೆಂದು ಹೊಸ ಗೆರೆಯನ್ನು ಹಿಂದಕ್ಕೆ ವಾಲಿಸಿದರು. ಫ್ಲಾಪಿಗಳು ಹೋದ ಮೇಲೂ ಅವುಗಳ ಎರಡು ಅಕ್ಷರಗಳು ಖಾಲಿಯೇ ಉಳಿದಿವೆ. ಬೇಕಿದ್ದರೆ ‘ಸಿಒಎನ್’ ಎಂಬ ಮೂರು ಇಂಗ್ಲಿಷ್ ಅಕ್ಷರಗಳ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಲು ನೋಡಿ, ವಿಂಡೋಸ್ ಒಪ್ಪುವುದಿಲ್ಲ. ಕೀಲಿಮಣೆ ಮತ್ತು ಪರದೆಯನ್ನು ಒಟ್ಟಾಗಿ ಸೂಚಿಸುವ ಆ ಹೆಸರೂ ಸಿಪಿ/ಎಂ ಕಾಲದ್ದೇ.

ಇಂಗ್ಲಿಷ್ ಅಕ್ಷರಗಳಷ್ಟನ್ನೇ ಲೆಕ್ಕಕ್ಕಿಟ್ಟು ಮಾಡಿದ ಈ ಏರ್ಪಾಡಿನೊಳಗೆ ಕನ್ನಡ ನುಸುಳಬೇಕಾಯಿತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಪಿಸಿಯೊಳಗೆ ಸಿಕ್ಕಿಸಿದರೆ ಡಾಸ್‌ನ ಪರದೆಯಲ್ಲೇ ಭಾರತೀಯ ಲಿಪಿಗಳು ಮೂಡುತ್ತಿದ್ದವು. 1991ರ ಇಸ್ಕಿ ಮಾನಕದಲ್ಲಿ ಮೊದಲ 128 ಸ್ಥಾನಗಳು ಇಂಗ್ಲಿಷಿಗೆ. ಉಳಿದರ್ಧದಲ್ಲಿ ಹಲವು ಭಾರತೀಯ ಲಿಪಿಗಳಿಗೆ ಸಮಾನವಾದ ಸಂಕೇತಗಳು. ‘ಕ’ಕ್ಕೆ ಕನ್ನಡ, ತೆಲುಗು, ದೇವನಾಗರಿ ಮೂರರಲ್ಲೂ ಒಂದೇ ಸಂಖ್ಯೆ.

ಹೀಗೆ ಪಟ್ಟಿಗಳು, ಪತ್ರಗಳು, ದಾಖಲೆಗಳು ಕನ್ನಡವಾಗಬಹುದಾಯಿತು. ಅವನ್ನು ತೋರಿಸು, ನಕಲಿಸು, ಅಳಿಸು ಎಂದು ಯಂತ್ರಕ್ಕೆ ಹೇಳುವ ಮಾತು ಮಾತ್ರ ಇಂಗ್ಲಿಷಿನಲ್ಲೇ ಉಳಿಯಿತು. ಇಂದು ಯುನಿಕೋಡ್‌ನಿಂದಾಗಿ ಫೈಲಿಗೆ ಕನ್ನಡದ ಹೆಸರಿಡಬಹುದು. ಆದರೆ ಅದನ್ನು ಅಳಿಸಲು ಬೆರಳು ಒತ್ತುವುದು ಹಳೆಯ ಡಾಸ್ ಕಾಲದ ಅದೇ ಮೂರು ಇಂಗ್ಲಿಷ್ ಅಕ್ಷರಗಳನ್ನು: ಡಿಇಎಲ್.