ಬಾನೆಟ್ಟಿನ ಕೆಳಗಿನ ಸೀಸ

ಕಾರಿನ ಎಲ್ಲ ಭಾಗಗಳೂ ಬದಲಾದರೂ ಮೂಲದಲ್ಲಿ ಹಾಗೇ ಉಳಿದುಕೊಂಡದ್ದು ಯಾವುದು ಎಂದು ಯಾರಾದರೂ ಕೇಳಿದರೆ, ನಾನು ಬ್ಯಾಟರಿ ಎನ್ನುತ್ತೇನೆ. ಅದು ಕಾರಿಗಿಂತಲೂ ಹಳೆಯದು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ತಗಡುಗಳನ್ನು ಒಂದಕ್ಕೊಂದು ತಾಗದಂತೆ ಇಟ್ಟು, ಚಾಪೆಯ ಹಾಗೆ ಸುರುಳಿ ಸುತ್ತಿ, ನೀರು ಬೆರೆಸಿದ ಸಲ್ಫ್ಯೂರಿಕ್ ಆಮ್ಲದಲ್ಲಿ ಮುಳುಗಿಸಿದ. ಖಾಲಿಯಾದ ಮೇಲೆ ಮತ್ತೆ ತುಂಬಿಸಬಹುದಾದ ಬ್ಯಾಟರಿ ಹಾಗೆ ಹುಟ್ಟಿತು. 1881ರಲ್ಲಿ ಕಮೀಲ್ ಫೋರ್ ತಗಡಿಗೆ ಸೀಸದ ಆಕ್ಸೈಡಿನ ಲೇಪ ಬಳಿದು ಅದರ ಶಕ್ತಿ ಹೆಚ್ಚಿಸಿದ. ಇಂದು ನಮ್ಮ ಕಾರಿನಲ್ಲಿರುವ 12 ವೋಲ್ಟಿನ ಪೆಟ್ಟಿಗೆಯೂ ಅದೇ ಕುಲದ್ದು: ಆರು ಕೋಣೆ, ಒಂದೊಂದರಲ್ಲಿ ಎರಡು ವೋಲ್ಟಿಗಿಂತ ತುಸು ಹೆಚ್ಚು.

ಮೊದಮೊದಲ ಪೆಟ್ರೋಲ್ ಕಾರುಗಳಿಗೆ ಹ್ಯಾಂಡಲ್ ಹೊಡೆಯಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಹಿಡಿದವನ ಮಣಿಕಟ್ಟು ಮುರಿಯುತ್ತಿತ್ತು. ಇದಕ್ಕೆ ಪರಿಹಾರ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಆತ ಮೊದಲು ಅಂಗಡಿಗಳ ಗಲ್ಲಾಪೆಟ್ಟಿಗೆ ಯಂತ್ರಕ್ಕೆ ಪುಟ್ಟ ಮೋಟರ್ ಜೋಡಿಸಿದ್ದವನು. ಎಂಜಿನ್ನನ್ನು ತಿರುಗಿಸುವ ಮೋಟರ್ ದಿನವಿಡೀ ದುಡಿಯಬೇಕಿಲ್ಲ, ಕೆಲವು ಕ್ಷಣ ಮೈಮುರಿದು ದುಡಿದರೆ ಸಾಕು ಎಂಬುದು ಅಲ್ಲಿ ಕಲಿತ ಪಾಠ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅವನ ಸ್ಟಾರ್ಟರ್ ಬಂತು. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಬ್ಯಾಟರಿಯನ್ನು ಮರಳಿ ತುಂಬಿಸುತ್ತಿತ್ತು. ಅಲ್ಲಿಂದ ಸೀಸದ ಬ್ಯಾಟರಿ ಕಾರಿಗೆ ಅನಿವಾರ್ಯವಾಯಿತು. ನಮ್ಮ ಅಂಬಾಸಡರ್, ಫಿಯಟ್‌ಗಳಲ್ಲಿ ಮಾತ್ರ ಹ್ಯಾಂಡಲ್ ಬಹುಕಾಲ ಆಪದ್ಬಾಂಧವನಂತೆ ಉಳಿದುಕೊಂಡಿತ್ತು.

ಕೈಗೆ ಹ್ಯಾಂಡಲ್ ತಪ್ಪಿತು, ಆದರೆ ಬೇರೆ ಕೆಲಸ ಬಂತು. ಆರು ಮುಚ್ಚಳ ಬಿಚ್ಚಿ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ. ಚಾರ್ಜ್ ಆಗುವಾಗ ನೀರಿನ ಒಂದಂಶ ಹೈಡ್ರೋಜನ್, ಆಕ್ಸಿಜನ್ ಆಗಿ ಹಾರಿಹೋಗುತ್ತದೆ, ಆಮ್ಲ ಹಾಗೇ ಉಳಿಯುತ್ತದೆ. ಆದ್ದರಿಂದ ತುಂಬಬೇಕಾದ್ದು ನೀರು ಮಾತ್ರ, ಅದೂ ನಲ್ಲಿ ನೀರಲ್ಲ. ನಲ್ಲಿ ನೀರಿನ ಲವಣಗಳು ತಗಡನ್ನು ಕೆಡಿಸುತ್ತವೆ. ಗ್ಯಾರೇಜಿನವರು ಹೈಡ್ರೋಮೀಟರಿನಲ್ಲಿ ಆಮ್ಲವನ್ನು ಹೀರಿ ನೋಡುತ್ತಿದ್ದರು. ತೇಲುವ ಕಡ್ಡಿ 1.26ರ ಆಸುಪಾಸು ತೋರಿಸಿದರೆ ಬ್ಯಾಟರಿ ತುಂಬಿದೆ, 1.15ರ ಕೆಳಗಿಳಿದರೆ ಬಹುಪಾಲು ಬರಿದಾಗಿದೆ ಎಂದು ಲೆಕ್ಕ. 1970ರ ದಶಕದಲ್ಲಿ ತಗಡಿನ ಸೀಸಕ್ಕೆ ಆಂಟಿಮನಿ ಬದಲು ಕ್ಯಾಲ್ಸಿಯಂ ಬೆರೆಸುವುದು ಬಳಕೆಗೆ ಬಂದಾಗ ನೀರು ಆರುವುದು ತೀರ ಕಡಿಮೆಯಾಯಿತು. ‘ಮೆಂಟೆನೆನ್ಸ್ ಫ್ರೀ’ ಎಂಬ ಮುಚ್ಚಿದ ಪೆಟ್ಟಿಗೆ ಬಂತು.

ಆ ಹೆಸರಿನಿಂದ ಆದ ಒಂದು ನಷ್ಟವೆಂದರೆ, ನಾವು ಬ್ಯಾಟರಿಯನ್ನು ನೋಡುವುದನ್ನೇ ಬಿಟ್ಟೆವು. ನಮ್ಮಂಥ ಪರವೂರಿನವರು ಬೇಸಿಗೆ ರಜೆಗೆ ಊರಿಗೆ ಹೋದಾಗ ಕಾರು ಸೊಸೈಟಿಯ ಪಾರ್ಕಿಂಗಿನಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಅಲಾರಂ, ಗಡಿಯಾರಗಳು ಅಷ್ಟಷ್ಟೇ ವಿದ್ಯುತ್ ಹೀರುತ್ತಿರುತ್ತವೆ. ಬರಿದಾದ ಸ್ಥಿತಿಯಲ್ಲೇ ನಿಂತರೆ ತಗಡಿನ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ. 2020ರ ಲಾಕ್‌ಡೌನ್ ಮುಗಿದಾಗ ಎಷ್ಟೋ ಕಾರುಗಳು ಸ್ಟಾರ್ಟ್ ಆಗದಿದ್ದುದು ಇದರಿಂದಲೇ. ಹೈದರಾಬಾದ್, ಚೆನ್ನೈಗಳ ಸೆಕೆಯೂ ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ.

ಈಗ ಮತ್ತೆ ಕೆಟರಿಂಗ್ ಕಡೆಗೆ ಬರುತ್ತೇನೆ, ಏಕೆಂದರೆ ನನ್ನನ್ನು ಕಾಡುವ ಸಂಗತಿ ಅಲ್ಲಿದೆ. ಮುಂದೆ ಆತ ಜನರಲ್ ಮೋಟರ್ಸ್‌ನ ಸಂಶೋಧನಾ ವಿಭಾಗದ ಮುಖ್ಯಸ್ಥನಾದ. 1921ರಲ್ಲಿ ಅವನ ಕೈಕೆಳಗಿದ್ದ ಥಾಮಸ್ ಮಿಜ್ಲಿ, ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತ ಬೆರೆಸಿದರೆ ಎಂಜಿನ್ ಬಡಿತ ನಿಲ್ಲುತ್ತದೆ ಎಂದು ಕಂಡುಹಿಡಿದ. ಅಂದರೆ ಸೀಸ ಕಾರಿನೊಳಕ್ಕೆ ಎರಡು ಬಾಗಿಲಿನಿಂದ ಬಂತು, ಎರಡೂ ಬಾಗಿಲಲ್ಲಿ ನಿಂತವನು ಒಬ್ಬನೇ. ಪೆಟ್ರೋಲಿನ ಸೀಸ ಹೊಗೆಯಾಗಿ ಮಕ್ಕಳ ರಕ್ತಕ್ಕೆ ಸೇರಿತು. ಭಾರತ 2000ದಲ್ಲಿ ಆ ಬಾಗಿಲನ್ನು ಮುಚ್ಚಿತು. ಜಗತ್ತಿನ ಎಲ್ಲ ದೇಶಗಳೂ ಮುಚ್ಚಲು 2021 ಆಯಿತು.

ಬ್ಯಾಟರಿಯ ಬಾಗಿಲು ಇನ್ನೂ ತೆರೆದೇ ಇದೆ. ಬ್ಯಾಟರಿ ಕಾರಿನಲ್ಲಿರುವ ತನಕ ಸೀಸದಿಂದ ನಮಗೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ಅದು ಸತ್ತ ಮೇಲೆ. ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸೀಸವೇ ಆದ್ದರಿಂದ ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ. ಪರವಾನಗಿಯಿಲ್ಲದ ಕಡೆ ಪೆಟ್ಟಿಗೆಯನ್ನು ಸುತ್ತಿಗೆಯಿಂದ ಒಡೆದು, ಆಮ್ಲವನ್ನು ನೆಲಕ್ಕೆ ಚೆಲ್ಲಿ, ಸೀಸವನ್ನು ಬಯಲಲ್ಲೇ ಕರಗಿಸುತ್ತಾರೆ. ಸೆನೆಗಲ್ ದೇಶದ ಡಾಕರ್ ನಗರದ ಅಂಚಿನಲ್ಲಿ, ಹಾಗೆ ಸೀಸ ಬೆರೆತ ಮಣ್ಣನ್ನು ಜನ ಮನೆಗೆ ತಂದು ಜರಡಿ ಹಿಡಿಯುತ್ತಿದ್ದರು. 2007ರ ನವೆಂಬರಿನಿಂದ 2008ರ ಮಾರ್ಚಿನೊಳಗೆ ಅಲ್ಲಿ 18 ಮಕ್ಕಳು ಸತ್ತರು. ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ ರಕ್ತದಲ್ಲಿ ಕಳವಳಪಡುವಷ್ಟು ಸೀಸವಿದೆ ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಅಂದಾಜಿಸಿದವು. ಅದರ ದೊಡ್ಡ ಕಾರಣಗಳಲ್ಲಿ ಒಂದಾಗಿ ಅವು ಹೆಸರಿಸಿದ್ದು ಹಳೆಯ ಬ್ಯಾಟರಿಗಳನ್ನು ಒಡೆಯುವ ಈ ಕೆಲಸವನ್ನೇ.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಹೊಸದನ್ನು ಮಾರುವ ಅಂಗಡಿಯವರು ಹಳೆಯದನ್ನು ಹಿಂದಕ್ಕೆ ಪಡೆಯಬೇಕೆಂದು 2001ರ ನಿಯಮ ಹೇಳಿತು. ಹಳೆ ಬ್ಯಾಟರಿ ಕೊಟ್ಟರೆ ಬಿಲ್ಲಿನಲ್ಲಿ ಕಡಿತ ಸಿಗುವ ಪದ್ಧತಿ ಆ ನಿಯಮಕ್ಕೂ ಹೊಂದುತ್ತದೆ. 2022ರ ನಿಯಮ ಆ ಹೊಣೆಯನ್ನು ತಯಾರಕರ ಮೇಲೆ ಹೊರಿಸಿತು. ಆದರೆ ಗುಜರಿಯವನು ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇನೆಂದಾಗ ಯಾವ ನಿಯಮವೂ ನಮ್ಮ ಗೇಟಿನ ಬಳಿ ಬಂದು ನಿಲ್ಲುವುದಿಲ್ಲ.

ಬ್ಯಾಟರಿ ಬದಲಿಸುವಾಗ ಮೊದಲು ನೆಗೆಟಿವ್ ತಂತಿ ಬಿಚ್ಚಬೇಕು, ಜೋಡಿಸುವಾಗ ಅದನ್ನು ಕೊನೆಗೆ ಹಾಕಬೇಕು. ಸ್ಪ್ಯಾನರ್ ಕಾರಿನ ಮೈಗೆ ತಾಗಿ ಕಿಡಿ ಹಾರದಿರಲು ಈ ಕ್ರಮ. ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರೆಸಿ, ವ್ಯಾಸಲೀನ್ ಸವರಿದರೆ ಆಯಿತು. ಇದಿಷ್ಟು ಮೆಕ್ಯಾನಿಕ್‌ಗೂ ಗೊತ್ತು. ಹ್ಯಾಂಡಲ್ ಹೋಯಿತು, ನೀರು ತುಂಬುವುದೂ ಹೋಯಿತು. ಮಾಲೀಕನಿಗೆ ಉಳಿದಿರುವ ಕೆಲಸ ಒಂದೇ: ಹಳೆಯ ಬ್ಯಾಟರಿಯನ್ನು ಅಂಗಡಿಗೇ ಕೊಟ್ಟು, ಅದು ಬಿಲ್ಲಿನಲ್ಲಿ ನಮೂದಾಗಿದೆಯೇ ಎಂದು ನೋಡಿಕೊಳ್ಳುವುದು. ಎರಡನೆಯ ಬಾಗಿಲನ್ನು ನಮ್ಮ ಕೈಯಿಂದ ಮುಚ್ಚಬಹುದಾದಷ್ಟು ಮುಚ್ಚುವ ದಾರಿ ಅದೇ.