ಪದ ಪರಿಚಯ: ಎಕ್ಟೋಪಿಕ್

‘ಎಕ್ಟೋಪಿಕ್’ ಗ್ರೀಕ್ ಮೂಲದ ಮಾತು: ‘ಎಕ್’ ಎಂದರೆ ಹೊರಗೆ, ‘ಟೋಪೋಸ್’ ಎಂದರೆ ಜಾಗ. ಗರ್ಭಕೋಶದೊಳಗಿನ ತನ್ನ ಜಾಗ ಬಿಟ್ಟು ಬೇರೆಡೆ ನಿಲ್ಲುವ ಬಸಿರಿಗೆ ಈ ಹೆಸರು. ‘ಅಪಸ್ಥಾನ ಗರ್ಭಧಾರಣೆ’ ಎಂದರೆ ಅರ್ಥ ಸರಿಯೇ, ಆದರೆ ರೋಣ, ನರಗುಂದದ ಹೆಣ್ಣುಮಕ್ಕಳಿಗೆ ಅದರಿಂದ ಏನೂ ಹೊಳೆಯದು; ‘ನಾಳದ ಬಸಿರು’ ಎಂದರೆ ಹೊಳೆದೀತು. ಅಂಡಾಶಯದಲ್ಲೋ ಸಿಸೇರಿಯನ್ ಗಾಯದ ಗುರುತಿನಲ್ಲೋ ನಿಲ್ಲುವ ಬಸಿರೂ ಉಂಟಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಇಂಥ ಬಸಿರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಗರ್ಭನಾಳದಲ್ಲೇ ಕೂರುತ್ತವೆ.

‘ಆಪರೇಷನ್ ಆಗೇತಿ, ಬಸಿರು ಎಲ್ಲಿಂದ?’ ಎಂಬ ಮಾತಿಗೂ ‘ನಾಳದ ಬಸಿರು’ ಎಂಬ ಹೆಸರಿನಲ್ಲೇ ಉತ್ತರವಿದೆ. ಸಂತಾನಹರಣ ಶಸ್ತ್ರಚಿಕಿತ್ಸೆ ವಿಫಲವಾಗುವುದು ಅಪರೂಪ. ಆದರೆ ವಿಫಲವಾದಾಗ ಬಸಿರು ನಾಳದಲ್ಲಿ ನಿಲ್ಲುವ ಸಂಭವ ಹೆಚ್ಚು. ಹಿಂದೆ ನಾಳಕ್ಕೆ ಸೋಂಕು ತಗುಲಿದ್ದರೂ, ಒಮ್ಮೆ ಬಸಿರು ನಾಳದಲ್ಲಿ ನಿಂತಿದ್ದರೂ ಅಷ್ಟೇ. ಮೂತ್ರಪರೀಕ್ಷೆಯ ಕಿಟ್ಟಿನ ಎರಡು ಗೆರೆ ಬಸಿರಿದೆ ಎನ್ನುತ್ತವೆ, ಎಲ್ಲಿದೆ ಎನ್ನವು. ಅದನ್ನು ತಿಳಿಸುವುದು ಯೋನಿಮಾರ್ಗದ ಸ್ಕ್ಯಾನು. ಅನುಮಾನ ಉಳಿದರೆ 48 ಗಂಟೆ ಬಿಟ್ಟು ಮತ್ತೆ ಮಾಡುವ ಎಚ್‌ಸಿಜಿ ರಕ್ತಪರೀಕ್ಷೆ. ನಾಳ ಒಡೆದರೆ ರಕ್ತ ಹೊಟ್ಟೆಯೊಳಗೇ ಸುರಿಯುತ್ತದೆ, ಹೊರಗೆ ಕಾಣುವುದು ತುಸುವೇ. ಆಸ್ಪತ್ರೆಗೆಂದು ಹೊರಟರೆ ಗಜೇಂದ್ರಗಡದಿಂದ ಗದಗಿಗೆ ಸುಮಾರು 50 ಕಿ.ಮೀ. ಹಾದಿ; ತಡಮಾಡುವಂತಿಲ್ಲ. ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದೇ ಬದಿ ನೋವು, ಕಲೆಯಷ್ಟು ರಕ್ತ, ಹೆಗಲ ತುದಿಯಲ್ಲಿ ನೋವು, ತಲೆಸುತ್ತು ಕಂಡರೆ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.